ಮುಖಗಳ ಉಗ್ರಾಣ

ನನ್ನನ್ನು ಕೊಂದುಬಿಡಿ ಎಂದು ಕ್ಯಾಪ್ಟನ್ ನನ್ನ ಹತ್ತಿರ ಕೇಳಿದ್ದು ಒಂದು ಮಂಗಳವಾರ ಬೆಳಿಗ್ಗೆ, ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು. ಕೈಯಲ್ಲಿ ತರಕಾರಿ ಚೀಲವಿತ್ತು. ಒಳಗೆ ಬನ್ನಿ ಎಂದರೂ ಬರಲಿಲ್ಲ. "ಈ ತಿಂಗಳು ಮುಗಿಯೋದ್ರೊಳಗೆ ಆಗ್ಬೇಕು. ಹೇಗೆ ಸಾಯಿಸ್ತೀರೋ ಅದು ನಿಮಗೆ ಬಿಟ್ಟಿದ್ದು," ಎಂದರು. ಪಕ್ಕದ ಮನೆಯಾಕೆ ಬಾಗಿಲು ಒರೆಸುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ಬಿಟ್ಟ ಬಾಯಿ ಬಿಟ್ಟಂತೆ ನೋಡಿದರು.

ಹೆದರಬೇಡಿ. ನಾನು ಕೊಲೆಗಾರನಲ್ಲ, ಧಾರಾವಾಹಿ ಬರೆಯುವವನು. ಎರಡಕ್ಕೂ ಅಂಥಾ ವ್ಯತ್ಯಾಸವೇನೂ ಇಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅದು ಬೇರೆ ಮಾತು. ಎಂಟು ವರ್ಷ ದಿನಾ ಸಂಜೆ ಏಳಕ್ಕೆ ಟೀವಿಯಲ್ಲಿ ಬರುತ್ತಿದ್ದ ಆಕಾಶನೌಕೆಯ ಕಥೆಯನ್ನು ಬರೆದ ಪಾಪ ನನ್ನದು. ಆ ನೌಕೆಯ ಕ್ಯಾಪ್ಟನ್ ಆಗಿದ್ದವರು ಇವರು. ಸೆಟ್ಟಿನಲ್ಲಿ ಲೈಟು ಹಿಡಿಯುವವನಿಂದ ಹಿಡಿದು ಚಹಾ ತರುವಾಕೆಯ ತನಕ ಎಲ್ಲರೂ ಅವರನ್ನು ಕ್ಯಾಪ್ಟನ್ ಎಂದೇ ಕರೆದೂ ಕರೆದೂ, ಕೊನೆಗೆ ಅವರ ಸ್ವಂತ ಗಂಡನೇ ಮನೆಯಲ್ಲಿ "ಕ್ಯಾಪ್ಟನ್, ನನ್ನ ಕನ್ನಡಕ ಎಲ್ಲಿ?" ಎನ್ನುವ ಮಟ್ಟಕ್ಕೆ ಬಂದಿತ್ತು. ಗಂಡ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಭೂಗೋಳ ಬೋರಾಗಿ ಹೆಂಡತಿ ಭೂಮಿಯನ್ನೇ ಬಿಟ್ಟು ಹೋದಳು ಎಂದು ಉಳಿದ ಮೇಷ್ಟ್ರುಗಳು ಅವರನ್ನು ರೇಗಿಸುತ್ತಿದ್ದರಂತೆ.

ಆಕಾಶಕ್ಕೆ ಹಾರುವ ಮೊದಲು ಕ್ಯಾಪ್ಟನ್ ಒಂದು ಔಷಧಿ ಕಾರ್ಖಾನೆಯಲ್ಲಿ ಬಾಟಲಿ ನೋಡುವ ಕೆಲಸದಲ್ಲಿದ್ದರು. ಕೆಲಸ ಅಷ್ಟೇ, ನೋಡುವುದು. ಬೆಳ್ಳನೆಯ ದೀಪದ ಮುಂದೆ ಬೆಲ್ಟಿನ ಮೇಲೆ ಔಷಧಿ ತುಂಬಿದ ಬಾಟಲಿಗಳು ಸಾಲಾಗಿ ಬರುತ್ತವೆ. ಒಳಗೆ ಕಸವೋ ಎಳೆಯೋ ಗಾಜಿನ ಚೂರೋ ಕಂಡರೆ ಎತ್ತಿ ಪಕ್ಕಕ್ಕಿಡಬೇಕು. ರೆಪ್ಪೆ ಬಡಿದರೆ ಅಷ್ಟರಲ್ಲಿ ಒಂದು ಬಾಟಲಿ ದಾಟಿಹೋಯಿತು ಎಂದೇ ಲೆಕ್ಕ. ಹನ್ನೊಂದು ವರ್ಷ ಹೀಗೆ ಕಣ್ಣು ಬಿಟ್ಟು ಕೂತರು. ಯಂತ್ರದ ಸದ್ದಿಗೆ ಎಂಟು ಗಂಟೆ ಯಾರೂ ಯಾರೊಂದಿಗೂ ಮಾತಾಡುವಂತಿರಲಿಲ್ಲ. ಬಾಯಿಗೆ ಬೀಗ ಬಿದ್ದು ಬಿದ್ದು ಹೊಟ್ಟೆಯಲ್ಲಿ ಮಾತು ಗಂಟು ಕಟ್ಟಿಕೊಳ್ಳುತ್ತಿತ್ತು ಎಂದು ಅವರೇ ಹೇಳುತ್ತಿದ್ದರು. ಪಾಳಿ ಮುಗಿದದ್ದೇ ತಡ, ಕಾರ್ಖಾನೆಯ ಹವ್ಯಾಸಿ ನಾಟಕ ತಂಡಕ್ಕೆ ಓಡುತ್ತಿದ್ದರು. ಅಲ್ಲಿ ಯಾವ ಪಾತ್ರ ಕೊಟ್ಟರೂ ಸರಿ, ರಾಣಿಯಾದರೂ ಸರಿ ಕಳ್ಳಿಯಾದರೂ ಸರಿ, ಮಾತಿರಬೇಕು, ಅಷ್ಟೇ.

ನಮ್ಮ ನಿರ್ದೇಶಕರು ನೌಕೆಗೆ ಕ್ಯಾಪ್ಟನ್ ಹುಡುಕುತ್ತಿದ್ದಾಗ ಇವರೂ ಪರೀಕ್ಷೆಗೆ ಬಂದರು. ಎರಡು ಪುಟದ ಮಾತನ್ನು ನೀರು ಕುಡಿದಷ್ಟು ಸಲೀಸಾಗಿ ಕಲಿತು ಬಂದಿದ್ದರು. ನಿರ್ದೇಶಕರು ಅದನ್ನು ಕೇಳಲೇ ಇಲ್ಲ. ಆಕಾಶದಲ್ಲಿ ಇರುವವರು ಕಣ್ಣು ಮಿಟುಕಿಸುವುದಿಲ್ಲ ಎಂದು ಅವರು ಎಲ್ಲೋ ಓದಿದ್ದರಂತೆ. ಅವರು ಏನನ್ನಾದರೂ ಓದಿದ್ದನ್ನು ನಾನಂತೂ ನೋಡಿಲ್ಲ. "ಆ ದೀಪ ನೋಡ್ತಾ ಕೂತ್ಕೊಳ್ಳಮ್ಮ," ಎಂದು ಗಡಿಯಾರ ಹಿಡಿದರು. ಬಂದಿದ್ದ ಇಪ್ಪತ್ತಾರು ಜನ ನಟಿಯರು ಹತ್ತಿಪ್ಪತ್ತು ಸೆಕೆಂಡಿಗೆ ಕಣ್ಣೀರು ಸುರಿಸಿ ಎದ್ದುಹೋದರು. ಇವರು ಎರಡು ನಿಮಿಷವಾದರೂ ಮಿಸುಕಲಿಲ್ಲ. ದೀಪದೊಳಗೆ ಕಸ ಹುಡುಕುತ್ತಿದ್ದರೋ ಏನೋ. ಹೀಗೆ ನಮ್ಮ ನೌಕೆಗೆ ಕ್ಯಾಪ್ಟನ್ ಸಿಕ್ಕರು.

ನೌಕೆ ಇದ್ದದ್ದು ಮುಚ್ಚಿಹೋದ ಒಂದು ಐಸ್ ಫ್ಯಾಕ್ಟರಿಯಲ್ಲಿ. ಗೋಡೆಗೆ ಮೊಟ್ಟೆ ಟ್ರೇಗಳನ್ನು ಬಡಿದು ಬೆಳ್ಳಿ ಬಣ್ಣ ಬಳಿದಿದ್ದರು. ಹಳೆಯ ವಾಷಿಂಗ್ ಮೆಷಿನ್ನುಗಳ ದುಂಡು ಬಾಗಿಲುಗಳೇ ನಕ್ಷತ್ರ ನೋಡುವ ಕಿಟಕಿಗಳು. ಕಂಟ್ರೋಲ್ ಬೋರ್ಡಿಗೆ ಯಾವುದೋ ಕೆಡವಿದ ಕಟ್ಟಡದ ಲಿಫ್ಟಿನ ಗುಂಡಿಗಳು. ನಾಲ್ಕನೇ ಮಹಡಿಯ ಗುಂಡಿ ಒತ್ತಿದರೆ ನೌಕೆ ಬೆಳಕಿನ ವೇಗದಲ್ಲಿ ಓಡುತ್ತಿತ್ತು. ಕ್ಯಾಪ್ಟನ್ ಕೂರುವ ಸಿಂಹಾಸನ ಹಲ್ಲಿನ ಡಾಕ್ಟರ ಕುರ್ಚಿ. ಅದರ ಪಕ್ಕದಲ್ಲಿ ಬಾಯಿ ಮುಕ್ಕಳಿಸಿ ಉಗುಳುವ ಬಟ್ಟಲನ್ನು ಕೀಳಲು ಬರಲಿಲ್ಲವಾದ್ದರಿಂದ ಅದಕ್ಕೊಂದು ನೀಲಿ ಬಲ್ಬು ಹಾಕಿ ಇಂಧನ ಮಾಪಕ ಮಾಡಿದೆವು. ವಿಜ್ಞಾನದ ಹೊಣೆ ನನ್ನದು. ಪ್ರತಿಕಣ, ಪ್ರತಿತರಂಗ, ಪ್ರತಿಶೂನ್ಯ ಎಂದು ಕೈಗೆ ಸಿಕ್ಕ ಪದಗಳಿಗೆಲ್ಲ ಮೊದಲಿಗೆ 'ಪ್ರತಿ' ಅಂಟಿಸಿ ಬರೆಯುತ್ತಿದ್ದೆ.

ಆದರೆ ಒಂದು ಮಾತು ಹೇಳಲೇಬೇಕು. ನಾನು ಬರೆದ ಆ ಕಸವನ್ನು ಕ್ಯಾಪ್ಟನ್ ಹೇಳಿದರೆ ಕಸ ಅನ್ನಿಸುತ್ತಿರಲಿಲ್ಲ. "ಪ್ರತಿಶೂನ್ಯದ ಆಚೆ ನಮ್ಮವರು ಯಾರೂ ಇಲ್ಲ, ಗೊತ್ತು. ಆದರೂ ಒಮ್ಮೆ ಕರೆದು ನೋಡೋಣ," ಎಂದು ಒಂದು ಕಂತಿನಲ್ಲಿ ಅವರು ಹೇಳಿದಾಗ ಮೇಕಪ್ಪಿನವಳು ಗೊಳೋ ಎಂದು ಅತ್ತಳು. ನಾನೂ ಅವಳ ಟವೆಲ್ಲಿಗೆ ಕೈ ಚಾಚಿದೆ. ಅದು ನಾನೇ ಬರೆದದ್ದು ಎಂದು ಆಮೇಲೆ ನೆನಪಾಯಿತು.

ಎರಡು ವರ್ಷ ಹೀಗೆ ಚೆನ್ನಾಗಿಯೇ ನಡೆಯಿತು. ಮೂರನೇ ವರ್ಷ ನಿರ್ಮಾಪಕರಿಗೆ ಒಂದು ಯೋಚನೆ ಹೊಳೆಯಿತು. ಇವರನ್ನು ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು. ಉರಿಯುವ ಬಲ್ಬು ಕಂಡರೆ ಹೊಟ್ಟೆ ಉರಿಯುವ ಮನುಷ್ಯ. "ಕ್ಯಾಪ್ಟನ್‌ಗೆ ನಾಳೆ ಜ್ವರ ಬಂದ್ರೆ? ಮುಂಜಾಗ್ರತೆಗೆ ಅಂತ ಒಂದಷ್ಟು ಮುಖ ತೆಗೆದು ಇಟ್ಟುಕೊಳ್ಳಿ," ಎಂದರು. ಒಂದೇ ದಿನ ಕ್ಯಾಪ್ಟನ್ನನ್ನು ಕುರ್ಚಿಯಲ್ಲಿ ಕೂರಿಸಿ ನಲವತ್ತು ಮುಖ ತೆಗೆದೆವು. ನಂಬರ್ ಒಂದು ಆಶ್ಚರ್ಯ, ನಂಬರ್ ಎರಡು ಗಾಬರಿ, ಮೂರು ಕೋಪ, ಹೀಗೆ. ಜೊತೆಗೆ ಮೂರು ಮಾತು: "ಮುಂದೆ ಸಾಗಿ," "ನಿಲ್ಲಿ," "ನಾನು ಯೋಚಿಸಬೇಕು." ಎಡಿಟರ್ ಇವನ್ನೆಲ್ಲ ನಂಬರು ಹಾಕಿ ಕಂಪ್ಯೂಟರಿನಲ್ಲಿ ಜೋಡಿಸಿಟ್ಟರು. ಅದಕ್ಕೆ ನಾವು ಮುಖಗಳ ಉಗ್ರಾಣ ಎಂದು ಹೆಸರಿಟ್ಟೆವು.

ಕ್ಯಾಪ್ಟನ್‌ಗೆ ಜ್ವರ ಬರಲಿಲ್ಲ. ಆದರೂ ಉಗ್ರಾಣದ ಬಾಗಿಲು ತೆರೆಯಿತು. ಮೊದಲು ವಾರಕ್ಕೊಂದು ಮುಖ, ಆಮೇಲೆ ದಿನಕ್ಕೊಂದು, ಆಮೇಲೆ ಎಲ್ಲವೂ ಅಲ್ಲಿಂದಲೇ. ಶತ್ರುವಿನ ನೌಕೆ ಎದುರಾಯಿತೇ? ನಂಬರ್ ಒಂದು, ನಂಬರ್ ಮೂರು, ಮತ್ತೆ ನಂಬರ್ ಒಂದು, ಮೂರು ಸಲ ಢಂ ಢಂ ಢಂ ಸದ್ದು, "ನಾನು ಯೋಚಿಸಬೇಕು," ಆಮೇಲೆ ತೆರೆಯ ಮೇಲೆ 'ಮುಂದುವರಿಯುವುದು'. ಆ ಮೂರು ಮಾತಿನಲ್ಲಿ ಗೆಲ್ಲಲಾಗದ ಯುದ್ಧ ಈ ಬ್ರಹ್ಮಾಂಡದಲ್ಲಿ ಇಲ್ಲ ಎನ್ನುವುದು ನನಗೆ ಆಗ ಗೊತ್ತಾಯಿತು. ಉಳಿದ ಪಾತ್ರಗಳು ಮಾತಾಡುವುದು, ಕ್ಯಾಪ್ಟನ್ ಕೇಳಿಸಿಕೊಳ್ಳುವುದು, ಹೀಗೆ ಬರೆಯುವುದನ್ನು ಕಲಿತೆ. "ಎಂಥ ಗಾಂಭೀರ್ಯ, ಎಂಥ ಮಿತಭಾಷಿ!" ಎಂದು ಪತ್ರಿಕೆಯವರು ಹೊಗಳಿ ಬರೆದರು. ಆ ವರ್ಷ ಕ್ಯಾಪ್ಟನ್‌ಗೆ ಅತ್ಯುತ್ತಮ ನಟಿ ಎಂಬ ಬಹುಮಾನವೂ ಬಂತು. ಬಹುಮಾನ ಬಂದ ಆ ಹನ್ನೆರಡು ತಿಂಗಳಲ್ಲಿ ಅವರು ಸೆಟ್ಟಿಗೆ ಬಂದದ್ದು ಒಂಬತ್ತು ದಿನ.

ಆಮೇಲೆ ಅದೂ ನಿಂತಿತು. ಕರೆದ ದಿನಕ್ಕೆ ಮಾತ್ರ ಸಂಬಳ, ಕರೆಯುವವರು ಯಾರು? ದಿನಾ ಸಂಜೆ ಮನೆಮನೆಯಲ್ಲೂ ಕಾಣಿಸುವ ಹೆಂಗಸು ಮನೆಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದರು. ಅವರ ಅತ್ತೆಗೆ ಈ ಧಾರಾವಾಹಿ ಎಂದರೆ ಪ್ರಾಣ. ಏಳು ಗಂಟೆಗೆ ಟೀವಿ ಮುಂದೆ ಕೂತರೆ ಸೊಸೆ ಪಕ್ಕದಲ್ಲಿ ಬಂದು ಕೂತರೂ "ಸ್ವಲ್ಪ ಸುಮ್ನಿರೇ, ಕ್ಯಾಪ್ಟನ್ ಬರ್ತಾಳೆ" ಎಂದು ಗದರುತ್ತಿದ್ದರಂತೆ.

ಬೇರೆ ಕಡೆ ನಟಿಸೋಣವೆಂದರೆ ಒಪ್ಪಂದದ ಹದಿನಾಲ್ಕನೇ ಅಂಶ ಅಡ್ಡ ಬರುತ್ತಿತ್ತು. ಪಾತ್ರವು ಕಥೆಯಲ್ಲಿ ಜೀವಂತವಾಗಿರುವವರೆಗೆ ನಟಿಯು ಬೇರಾವುದೇ ತೆರೆಯ ಮೇಲಾಗಲಿ ವೇದಿಕೆಯ ಮೇಲಾಗಲಿ ಕಾಣಿಸಿಕೊಳ್ಳತಕ್ಕದ್ದಲ್ಲ. ಸಹಿ ಹಾಕುವಾಗ ಅದು ಭರವಸೆಯ ಹಾಗೆ ಕಂಡಿತ್ತಂತೆ. ಇಷ್ಟು ದಿನ ಬದುಕಿಸಿ ಇಡುತ್ತಾರಲ್ಲ, ಪುಣ್ಯಾತ್ಮರು ಎಂದುಕೊಂಡಿದ್ದರಂತೆ.

ಎಂಟನೇ ವರ್ಷ ಒಂದು ನಾಟಕದ ಕರೆ ಬಂತು. ಕಾರ್ಖಾನೆಯ ಕಾಲದಲ್ಲಿ ಅವರಿಗೆ ಅಭಿನಯ ಕಲಿಸಿದ ಮುದುಕಿ, ಎಲ್ಲರ ಬಾಯಲ್ಲೂ ನಾಟಕದಮ್ಮ, ಸೈಕಲ್ ಅಂಗಡಿಯ ಮೇಲಿನ ಹಾಲಿನಲ್ಲಿ ಕೊನೆಯದಾಗಿ ಒಂದು ನಾಟಕ ಮಾಡಬೇಕೆಂದಿದ್ದರು. ಇರುವುದು ಒಂದೇ ಪಾತ್ರ. ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆದು ಮಡಿಸುವ ಹೆಂಗಸು. ಅವಳು ಒಂದೂಕಾಲು ಗಂಟೆ ಒಬ್ಬಳೇ, ಬಿಡುವಿಲ್ಲದೆ, ಎದುರಿಗಿದ್ದವರೊಂದಿಗೆ ಮಾತಾಡುತ್ತಾಳೆ. "ಒಂದನೇ ತಾರೀಕಿಗೆ ತಾಲೀಮು ಶುರು. ನೀನು ಬರ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ತೀನಿ. ಕಾಯೋಕೆ ನನಗೂ ವಯಸ್ಸಿಲ್ಲ ಮಗಳೇ," ಎಂದರಂತೆ. ಆರು ವರ್ಷದಿಂದ ಮೂರೇ ಮಾತು ಆಡಿದವರಿಗೆ ಒಂದೂಕಾಲು ಗಂಟೆಯ ಮಾತು! ಆ ಮಂಗಳವಾರ ಕ್ಯಾಪ್ಟನ್ ತರಕಾರಿ ಚೀಲ ಹಿಡಿದು ನಮ್ಮ ಮೆಟ್ಟಿಲು ಹತ್ತಿದ್ದು ಇದಕ್ಕೆ.

ಅಂದೇ ಕೂತು ಅವರ ಸಾವು ಬರೆದೆ. ಪ್ರತಿಮೋಡ ಒಂದು ಬಂದು ನೌಕೆಯನ್ನು ಸುತ್ತುವುದು, ಸಿಬ್ಬಂದಿಯನ್ನು ಉಳಿಸಲು ಕ್ಯಾಪ್ಟನ್ ಪ್ರಾಣ ಕೊಡುವುದು. ಬರೆಯುತ್ತ ನಾನೇ ಎರಡು ಕಡೆ ಕಣ್ಣೊರೆಸಿಕೊಂಡೆ. ಯಜಮಾನರು ಪುಟ ತಿರುವಿ ಹಾಕಿ ಎಡಿಟರನ್ನು ಕರೆದರು.

"ಉಗ್ರಾಣದಲ್ಲಿ ಕ್ಯಾಪ್ಟನ್ ಸಾಯೋ ಮುಖ ಇದೆಯಾ?"

"ಇಲ್ಲ ಯಜಮಾನ್ರೇ."

"ಕಣ್ಣು ಮುಚ್ಚಿರೋದು?"

ಎಡಿಟರ್ ತಲೆ ಕೆರೆದುಕೊಂಡರು. ನಲವತ್ತರಲ್ಲಿ ಒಂದರಲ್ಲೂ ಅವರು ರೆಪ್ಪೆ ಬಡಿದಿರಲಿಲ್ಲ. ಮಿಟುಕಿಸಬಾರದೆಂದು ನಿರ್ದೇಶಕರ ಅಪ್ಪಣೆಯೇ ಆಗಿತ್ತಲ್ಲ.

"ಹಾಗಾದ್ರೆ ಸಾಯೋ ಹಾಗಿಲ್ಲ," ಎಂದು ಯಜಮಾನರು ಹಾಳೆಗಳನ್ನು ನನ್ನತ್ತ ತಳ್ಳಿದರು.

"ಒಂದು ದಿನ ಕರೆಸಿ ಒಂದು ಶಾಟ್ ತೆಗೆದ್ರಾಯ್ತಲ್ಲ," ಎಂದೆ.

"ಏನ್ರೀ ರೈಟರೇ, ತಲೆ ನೆಟ್ಟಗಿದೆಯಾ? ಬದುಕಿದ್ರೆ ಪುಕ್ಕಟೆ, ಸತ್ರೆ ಖರ್ಚು. ಪುಕ್ಕಟೆ ದುಡಿಯೋ ಕ್ಯಾಪ್ಟನ್ ಇನ್ನೆಲ್ಲಿ ಸಿಗ್ತಾಳೆ ನಿಮಗೆ?"

ನಾನು ಹಾಳೆ ಎತ್ತಿಕೊಂಡು ಬಂದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಜಗಳವಾಡಬಹುದಿತ್ತು, ಕೆಲಸ ಬಿಡುತ್ತೇನೆ ಎನ್ನಬಹುದಿತ್ತು. ಕ್ಯಾಪ್ಟನ್‌ಗೆ ಫೋನು ಮಾಡಿ ವಿಷಯ ಹೇಳಿದೆ. "ಅಂದ್ರೆ ನನ್ನ ಹತ್ರ ಸಾಯೋಕೊಂದು ಮುಖ ಇಲ್ಲ ಅಂತ, ಅಲ್ವಾ?" ಎಂದು ಕೇಳಿದರು. ಹೌದು ಎಂದೆ. ಫೋನಿಟ್ಟರು.

ತಿಂಗಳು ಮುಗಿಯಲು ಐದು ದಿನ ಉಳಿದಿತ್ತು. ಅಷ್ಟರಲ್ಲಿ ಚಾನೆಲ್ಲಿನವರಿಂದ ಒಂದು ಸುತ್ತೋಲೆ ಬಂತು. ಇನ್ನು ಮೇಲೆ ಚಿತ್ರಗಳೆಲ್ಲ ಹೊಸ ಕ್ಯಾಮರಾದಲ್ಲಿ ತೆಗೆದ ಸ್ಪಷ್ಟ ಚಿತ್ರಗಳೇ ಆಗಿರಬೇಕು. ಆರು ವರ್ಷದ ಹಳೇ ಮುಖಗಳು ಅದರಲ್ಲಿ ಮಸಿ ಮೆತ್ತಿದ ಹಾಗೆ ಕಾಣುತ್ತಿದ್ದವು. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು, ಆಮೇಲೆ ನಿಟ್ಟುಸಿರು ಬಿಟ್ಟು ಒಪ್ಪಿದರು: ಉಗ್ರಾಣವನ್ನು ಹೊಸದಾಗಿ ತುಂಬಬೇಕು. ಒಂದೇ ದಿನ, ನಲವತ್ತು ಮುಖ. "ಹೊಸದನ್ನ ಹಳೇ ನಂಬರಿನ ಮೇಲೇ ಹಾಕಿಬಿಡಿ, ಕಂಪ್ಯೂಟರಲ್ಲಿ ಜಾಗ ಉಳಿಯತ್ತೆ," ಎಂದು ಎಡಿಟರ್‌ಗೆ ಅಪ್ಪಣೆಯಾಯಿತು.

ಕ್ಯಾಪ್ಟನ್ ಬಂದರು. ಹಲ್ಲಿನ ಡಾಕ್ಟರ ಕುರ್ಚಿ ಎಂದೋ ಮಾರಿಹೋಗಿತ್ತು. ನೌಕೆಯಲ್ಲಿ ಅವರ ಕೋಣೆ ಇದ್ದ ಜಾಗದಲ್ಲಿ ಯಜಮಾನರ ಇನ್ನೊಂದು ಧಾರಾವಾಹಿಗೆಂದು ಅಡುಗೆಮನೆ ಕಟ್ಟಿದ್ದರು. ಆ ಕಪಾಟು, ಪಾತ್ರೆಗಳನ್ನೆಲ್ಲ ಕಪ್ಪು ಬಟ್ಟೆಯಿಂದ ಮುಚ್ಚಿ, ಮುಂದೊಂದು ಸ್ಟೂಲು ಹಾಕಿ ಅವರನ್ನು ಕೂರಿಸಿದರು. ಪಟ್ಟಿ ಓದುವ ಕೆಲಸ ನನಗೆ ಬಂತು. ನಿರ್ದೇಶಕರು ಗಡಿಯಾರ ಹಿಡಿದು ಕೂತರು. ಒಂದು ಮುಖಕ್ಕೆ ಹತ್ತು ಸೆಕೆಂಡು. ಮುಖ ನೋಡುವುದು ಎಡಿಟರ್ ಕೆಲಸ, ಹೊತ್ತು ನೋಡುವುದು ತನ್ನ ಕೆಲಸ ಎನ್ನುವುದು ಅವರ ಸಿದ್ಧಾಂತ. ಎಂಟು ವರ್ಷದಲ್ಲಿ ಅದನ್ನು ಅವರು ಒಂದು ದಿನವೂ ಮೀರಿದ್ದಿಲ್ಲ.

"ನಂಬರ್ ಒಂದು, ಆಶ್ಚರ್ಯ," ಎಂದು ಓದಿದೆ.

ಕ್ಯಾಪ್ಟನ್‌ಗೆ ಆಶ್ಚರ್ಯವಾಯಿತು. ಬಹಳ ದಿನದಿಂದ ಕಾಯುತ್ತಿದ್ದವರು ಯಾರೋ ಬಾಗಿಲಲ್ಲಿ ನಿಂತ ಹಾಗೆ ಅವರ ಮುಖ ಅರಳಿತು. ಅರಳುತ್ತಿದ್ದ ಹಾಗೇ ರೆಪ್ಪೆಗಳು ಇಳಿಯತೊಡಗಿದವು. ಕತ್ತು ಒಂದು ಕಡೆ ವಾಲಿತು. ಹತ್ತನೇ ಸೆಕೆಂಡಿಗೆ ಅವರು ಸತ್ತಿದ್ದರು. "ಕಟ್," ಎಂದು ನಿರ್ದೇಶಕರು ಗಡಿಯಾರಕ್ಕೆ ಹೇಳಿದರು.

ಕ್ಯಾಮರಾದವನು ತಲೆ ಎತ್ತಿ ನನ್ನನ್ನು ನೋಡಿದ. ನಾನು ಪಟ್ಟಿ ನೋಡಿದೆ. "ನಂಬರ್ ಎರಡು, ಗಾಬರಿ."

ಕ್ಯಾಪ್ಟನ್ ಗಾಬರಿಯಾಗಿ ಸತ್ತರು. ನಂಬರ್ ಮೂರು, ಯಾರಿಗೋ ಬೈಯಲು ಬಾಯಿ ತೆರೆದು, ಬೈಗುಳ ಅರ್ಧಕ್ಕೆ ನಿಂತು ಸತ್ತರು. ನಂಬರ್ ಹನ್ನೊಂದು ಮರುಕ. ಎದುರಿಗಿದ್ದವರನ್ನು ಒಂಟಿ ಮಾಡಿ ಹೋಗುತ್ತಿದ್ದೇನಲ್ಲ ಎಂದು ಕನಿಕರದಿಂದ ನೋಡುತ್ತ ಸತ್ತರು. ಇಪ್ಪತ್ತೆಂಟನೆಯದು ಅನುಮಾನ, ತಾನು ನಿಜವಾಗಿ ಸಾಯುತ್ತಿದ್ದೇನೆಯೇ ಎಂಬ ಅನುಮಾನದಲ್ಲೇ, ಒಂದು ಹುಬ್ಬು ಎತ್ತಿಕೊಂಡೇ ಸತ್ತರು. ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿದೆ. ಸಂತೋಷದ ನಂಬರು ಬಂದಾಗ ಪಾಳಿ ಮುಗಿಸಿ ಬಂದು ಹಾಸಿಗೆಗೆ ಒರಗಿದವರ ಹಾಗೆ ಎಷ್ಟು ಹಾಯಾಗಿ ಹೋದರೆಂದರೆ, ಕೆಮ್ಮು ಮರೆತು ನನಗೆ ಅಳು ಬಂತು. ನಲವತ್ತು ಸಾವಿನಲ್ಲಿ ಒಂದು ಇನ್ನೊಂದರ ಹಾಗಿರಲಿಲ್ಲ. ಅಂಥ ಅಭಿನಯವನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಮಾತಿನ ನಂಬರುಗಳು ಬಂದಾಗ "ಮುಂದೆ ಸಾಗಿ" ಎಂದು ಹೇಳಿ ತಾವು ಕಣ್ಣು ಮುಚ್ಚಿ ಅಲ್ಲೇ ಉಳಿದರು.

"ಮಿಟುಕಿಸಲಿಲ್ಲ ತಾನೇ?" ಎಂದು ಕೊನೆಯಲ್ಲಿ ನಿರ್ದೇಶಕರು ಕೇಳಿದರು.

"ಒಂದು ಸಲವೂ ಮಿಟುಕಿಸಲಿಲ್ಲ ಸಾರ್," ಎಂದು ಕ್ಯಾಪ್ಟನ್ ಎದ್ದು, ಚೀಲ ಹೆಗಲಿಗೇರಿಸಿ ಹೊರಟರು.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಎಡಿಟರ್ ನನ್ನನ್ನು ಕರೆದರು. ಅವರ ಕೋಣೆ ಐಸ್ ಫ್ಯಾಕ್ಟರಿಯ ತಣ್ಣನೆಯ ಕೊಠಡಿ, ಕಿಟಕಿ ಇಲ್ಲ. ಆರು ವರ್ಷ ಆ ಮುಖವನ್ನು ಕತ್ತರಿಸಿ ಅಂಟಿಸಿದ ಮನುಷ್ಯ. ಅವರ ಕಣ್ಣು ಕೆಂಪಗಾಗಿತ್ತು. "ನಲವತ್ತೂ ನೋಡಿದೆ," ಎಂದರು, ಅಷ್ಟೇ. ಹಳೆಯ ಮುಖಗಳು ಹೊಸವುಗಳ ಕೆಳಗೆ ಅಳಿಸಿಹೋಗಿದ್ದವು. ಏಳು ಗಂಟೆಗೆ ಕಂತು ಹೋಗಬೇಕು. ಆ ದಿನದ ದೃಶ್ಯದಲ್ಲಿ ಎಂಜಿನಿಯರ್ ಬಂದು ನೌಕೆಯ ನೀರಿನ ಪಂಪು ಕೆಟ್ಟಿದೆ ಎನ್ನುತ್ತಾನೆ, ಕ್ಯಾಪ್ಟನ್ ನಂಬರ್ ಒಂದು ಕೊಡಬೇಕು.

ಯಜಮಾನರು ಬಂದು ನೋಡಿ ಕೆಂಡಾಮಂಡಲವಾದರು. "ಮೊದಲ ಎರಡು ಸೆಕೆಂಡು ಇಟ್ಟು ಉಳಿದದ್ದು ಕತ್ತರಿಸ್ರೀ!"

ಎಡಿಟರ್ ಅವರ ಮುಖ ನೋಡಿ, "ಕತ್ತರಿಸೋಕೆ ಆಗಲ್ಲ ಯಜಮಾನ್ರೇ," ಎಂದರು.

ಆಗುತ್ತಿತ್ತು. ಅದು ನನಗೂ ಗೊತ್ತು, ಎಡಿಟರ್‌ಗೂ ಗೊತ್ತು. ಯಜಮಾನರಿಗೆ ಕತ್ತರಿಯ ಕೆಲಸ ಗೊತ್ತಿರಲಿಲ್ಲ.

"ಹಾಗಾದ್ರೆ ಸಾಯ್ಲಿ, ನಾಳೆ ಬದುಕಿಸಿ! ಸೈನ್ಸ್ ಅಲ್ವೇನ್ರೀ ರೈಟರೇ? ಏನಾದ್ರೂ ಪ್ರತಿಗಿತಿ ಹಾಕಿ ಬದುಕಿಸಿ!"

ಎಂಟು ವರ್ಷದಲ್ಲಿ ಮೊದಲ ಸಲ ನನಗೆ ಬಾಯಿ ಬಂತು. "ಬದುಕಿಸೋಕೂ ಕಣ್ಣು ಬಿಡೋ ಮುಖ ಬೇಕಲ್ಲ ಯಜಮಾನ್ರೇ. ಅವರನ್ನ ಇನ್ನೊಂದು ದಿನ ಕರೆಸ್ತೀರಾ?"

ಇನ್ನೊಂದು ದಿನ ಎಂದದ್ದೇ ಅವರು ತಣ್ಣಗಾದರು.

ಹೀಗೆ ಏಳು ನಕ್ಷತ್ರ ಮಂಡಲಗಳ ಸೈನ್ಯಕ್ಕೆ ಜಗ್ಗದ ಕ್ಯಾಪ್ಟನ್, ನೀರಿನ ಪಂಪು ಕೆಟ್ಟ ಸುದ್ದಿ ಕೇಳಿ ಪ್ರಾಣ ಬಿಟ್ಟರು. ಎಂಜಿನಿಯರ್ ಬೆನ್ನು ತಿರುಗಿಸಿದ ಶಾಟಿನ ಮೇಲೆ "ಅಯ್ಯೋ, ಇದು ನಕ್ಷತ್ರಜ್ವರದ ಕೊನೇ ಹಂತ!" ಎಂಬ ಮಾತನ್ನು ನಾನೇ ಮೈಕಿನ ಮುಂದೆ ನಿಂತು ಹೇಳಿದೆ.

ಅವರ ಮನೆಯಲ್ಲಿ ಅಂದು ಏನಾಯಿತೆಂದು ಭೂಗೋಳದ ಮೇಷ್ಟ್ರು ಆಮೇಲೆ ನನಗೆ ಹೇಳಿದರು. ಅತ್ತೆ ಎದೆಗೆ ಕೈ ಹಚ್ಚಿಕೊಂಡು ಅತ್ತರಂತೆ. "ಎಂಥ ಹೆಂಗಸು! ಒಂದು ಮಾತು ಹೆಚ್ಚಿಗೆ ಆಡಿದವಳಲ್ಲ," ಎಂದು ಅಳುತ್ತ, ಸೊಸೆ ತಂದುಕೊಟ್ಟ ನೀರು ಕುಡಿದು, ಸೊಸೆಯನ್ನು ಮೇಲಿನಿಂದ ಕೆಳಗೆ ನೋಡಿ, "ನೀನೂ ಇದೀಯ!" ಎಂದರಂತೆ. ಸೊಸೆ ಆಗಲೇ ನಾಟಕದ ಮಾತುಗಳನ್ನು ಗಟ್ಟಿಯಾಗಿ ಓದಲು ಶುರು ಮಾಡಿದ್ದರು.

ನಾಟಕದ ಮೊದಲ ಪ್ರದರ್ಶನಕ್ಕೆ ನಾನೂ ಎಡಿಟರೂ ಹೋಗಿದ್ದೆವು. ಸೈಕಲ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು, ಮೇಲೆ ಮಡಿಸುವ ಕುರ್ಚಿಗಳು, ಐವತ್ತು ಜನ ಇದ್ದಿರಬಹುದು. ಕ್ಯಾಪ್ಟನ್ ಮಾಸಿದ ಏಪ್ರನ್ ಕಟ್ಟಿಕೊಂಡು ಬಿಳಿ ಬಟ್ಟೆಗಳ ರಾಶಿಯ ನಡುವೆ ನಿಂತಿದ್ದರು. ಮಾತು ಶುರುವಾಯಿತು. ಯಾವ ವಾರ್ಡಿನ ಬಟ್ಟೆ ಯಾವುದು ಎಂದು ಮೂಸಿ ಹೇಳುವ ಬಗೆ, ಕಲೆ ಹೋಗದ ಬಟ್ಟೆ, ವಾಪಸು ಬಾರದ ಬಟ್ಟೆ. ಮಾತು ಹರಿಯುತ್ತಿತ್ತು. ನಾವು ಇಂಥವರ ಬಾಯಿಗೆ ಆರು ವರ್ಷ ಮೂರು ಮಾತು ತುರುಕಿದ್ದೆವಲ್ಲ ಎಂದು ನನಗೆ ಕೂತಲ್ಲೇ ಮೈ ಹಿಡಿಯಾಯಿತು.

ಅರ್ಧ ಗಂಟೆಯಾಗಿರಬೇಕು. ಮೂರನೇ ಸಾಲಿನಲ್ಲಿದ್ದ ಒಬ್ಬ ಹೆಂಗಸು ತೊಡೆಯ ಮೇಲಿನ ಚೀಲ ಬೀಳಿಸಿಕೊಂಡು ದಡಕ್ಕನೆ ಎದ್ದು ನಿಂತರು.

"ಅಯ್ಯೋ ದೇವರೇ, ಕ್ಯಾಪ್ಟನ್! ನೀವು ಬದುಕಿದ್ದೀರಾ!"

ಹಾಲಿಗೆ ಹಾಲೇ ಅವರತ್ತ ತಿರುಗಿತು. ಮುಂದಿನ ಸಾಲಿನಲ್ಲಿದ್ದ ನಾಟಕದಮ್ಮ ಕೋಲು ಊರಿ ಎದ್ದೇಳಲು ಹೊರಟರು. ಕ್ಯಾಪ್ಟನ್ ಕೈಯಲ್ಲಿ ಅರ್ಧ ಮಡಿಸಿದ ಬಟ್ಟೆ ಹಾಗೇ ಇತ್ತು. ಅವರು ಆ ಹೆಂಗಸನ್ನು ನೋಡಿದರು. ಅದು ಯಾವ ನಂಬರಿನ ಮುಖವೂ ಆಗಿರಲಿಲ್ಲ.

"ಬದುಕಿದ್ದೀನಿ ಕಣಮ್ಮ," ಎಂದರು. "ಕೂತ್ಕೋ. ಇನ್ನೂ ಬಹಳ ಮಾತಾಡೋದಿದೆ."

ಆ ಹೆಂಗಸು ಕಣ್ಣೊರೆಸಿಕೊಂಡು ಕೂತರು. ಕ್ಯಾಪ್ಟನ್ ಬಿಟ್ಟಲ್ಲಿಂದ ಮಾತು ಮುಂದುವರಿಸಿದರು.